ಉಲುರು ಸುತ್ತ, ಜಿಪ್ ಹಾಕಿದ ಬ್ಯಾಗ್ ಜೊತೆ

ಉಲುರುವಿಗೆ ಹೊರಡುವ ಮುಂಚೆ ನಾನು ಮಾಡಿದ ಮೊದಲ ಕೆಲಸ, ಬ್ಯಾಗಿನಿಂದ ಡ್ರೋನ್ ತೆಗೆದಿಟ್ಟದ್ದು. ಮಧ್ಯ ಆಸ್ಟ್ರೇಲಿಯಾದ ಬಯಲಿನಲ್ಲಿ 348 ಮೀಟರ್ ಎತ್ತರಕ್ಕೆ ಎದ್ದು ನಿಂತಿರುವ ಕೆಂಪು ಬಂಡೆ ಅದು. ಮೇಲಿನಿಂದ ತೆಗೆದರೆ ಹೇಗಿರಬಹುದು ಅಂತ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಬಂಡೆ ಇರುವ ರಾಷ್ಟ್ರೀಯ ಪಾರ್ಕಿನಲ್ಲಿ ಪರ್ಮಿಟ್ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಜೊತೆಗಿದ್ದರೆ ಸುಮ್ನೆ ಕೈ ತುರಿಸುತ್ತದೆ. ಅದಕ್ಕೇ ಬಿಟ್ಟು ಹೋದೆ.

ನೆಲ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರದ್ದು. 1985ರ ಅಕ್ಟೋಬರ್ 26ರಂದು ಸರ್ಕಾರ ಅದನ್ನು ಅವರಿಗೆ ಮರಳಿಸಿತು. ಅವರು ಅದನ್ನು ಪಾರ್ಕಿಗಾಗಿ 99 ವರ್ಷದ ಗುತ್ತಿಗೆಗೆ ಕೊಟ್ಟರು. ಬಂಡೆ ಹತ್ತಬೇಡಿ ಅಂತ ಅವರು ಎಷ್ಟೋ ವರ್ಷ ಕೇಳಿಕೊಂಡರೂ ಜನ ಹತ್ತುತ್ತಲೇ ಇದ್ದರು. ಕೊನೆಗೆ 2019ರ ಅಕ್ಟೋಬರ್ 26ಕ್ಕೆ, ಅದೇ ತಾರೀಖಿಗೆ, ಹತ್ತುವುದು ಪೂರ್ತಿ ನಿಂತಿತು. ಕಾಲು ಸವೆಸಿದ ದಾರಿ ಇವತ್ತಿಗೂ ಬಂಡೆಯ ಮೈಮೇಲೆ ಬಿಳಿಚಿದ ಗೆರೆಯಾಗಿ ಕಾಣುತ್ತದೆ. ನನ್ನ ಒಂದು ಚಿತ್ರದಲ್ಲಿ ಅದು ನಟ್ಟನಡುವೆ ಬಂದಿದೆ. ಎಡಿಟ್ ಮಾಡುವಾಗ ಅಳಿಸಿಬಿಡು ಅಂತ ಸ್ನೇಹಿತರೊಬ್ಬರು ಹೇಳಿದರು. ಅಳಿಸಲಿಲ್ಲ. ಅದೂ ಬಂಡೆಯ ಕತೆಯೇ ಅಲ್ವಾ?

ಬುಡ ಸುತ್ತುವ ದಾರಿ ಹತ್ತು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಬೆಳಕು ಹರಿಯುವಾಗಲೇ ಹೊರಟೆ. ದಾರಿಯಲ್ಲಿ ಅಲ್ಲಲ್ಲಿ ಫಲಕಗಳಿವೆ: ಇಲ್ಲಿಂದ ಮುಂದೆ ಪವಿತ್ರ ಜಾಗ, ಫೋಟೋ, ವಿಡಿಯೋ ಬೇಡ. ಈಶಾನ್ಯದ ಬದಿಯಲ್ಲಿ ಇಂಥ ಜಾಗಗಳು ಜಾಸ್ತಿ. ಅವರ ಕಟ್ಟಳೆಗೆ, ಸೃಷ್ಟಿಯ ಕತೆಗೆ ಚುಕುರ್ಪ ಅನ್ನುತ್ತಾರೆ. ಬಂಡೆಯ ಬಿರುಕು, ಗುಳಿ, ಉಬ್ಬುಗಳೇ ಅವರಿಗೆ ಗ್ರಂಥದ ಹಾಳೆಗಳಿದ್ದಂತೆ. ಕೆಲವು ಹಾಳೆಗಳನ್ನು ಗಂಡಸರು ಮಾತ್ರ ನೋಡಬಹುದು, ಕೆಲವನ್ನು ಹೆಂಗಸರು ಮಾತ್ರ. ಅದೂ ಅಲ್ಲೇ, ಆ ಜಾಗದಲ್ಲೇ ನಿಂತು. ಫೋಟೋ ಆಗಿ ಊರೂರು ತಿರುಗಿದರೆ ಯಾರು ಬೇಕಾದರೂ, ಎಲ್ಲಿ ಬೇಕಾದರೂ ನೋಡುತ್ತಾರೆ. ಇದು ತಲೆಗೆ ಹೋದ ಮೇಲೆ ನಿಯಮ ಕಿರಿಕಿರಿ ಅನ್ನಿಸಲಿಲ್ಲ.

ನಾನು ಮಾಡಿಕೊಂಡ ಏರ್ಪಾಡು ಇಷ್ಟೇ. ಶುರುವಿನ ಫಲಕ ಕಂಡ ಕೂಡಲೇ ಕ್ಯಾಮೆರಾ ಬ್ಯಾಗಿಗೆ, ಜಿಪ್ ಪೂರ್ತಿ. ಮುಗಿಯುವ ಫಲಕ ದಾಟಿದ ಮೇಲೆ ಹೊರಗೆ. ಕುತ್ತಿಗೆಗೆ ನೇತು ಹಾಕಿಕೊಂಡೇ ನಡೆದರೆ ಕೈ ತಾನಾಗಿ ಮೇಲೆ ಹೋಗುತ್ತದೆ, ನನ್ನ ಅಭ್ಯಾಸ ನನಗೇ ಗೊತ್ತು.

ಇಷ್ಟೆಲ್ಲಾ ಮಾಡಿಯೂ ತಪ್ಪಿದೆ. ಕ್ಯಾಮೆರಾ ಬ್ಯಾಗಿನಲ್ಲಿತ್ತು, ಮೊಬೈಲ್ ಜೇಬಿನಲ್ಲಿತ್ತು! ದಾರಿಯ ಹೊರಬದಿಯಲ್ಲಿ ಒಣಹುಲ್ಲಿನ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಬಂಡೆ ಕಡೆ ತಿರುಗಿಲ್ಲವಲ್ಲ ಅಂದುಕೊಂಡು ಅಗಲವಾಗಿ ಹಿಡಿಯುವ ವೈಡ್ ಲೆನ್ಸಿನಲ್ಲಿ ಒಂದು ತೆಗೆದೆ. ಸಂಜೆ ನೋಡಿದರೆ ಎಡಮೂಲೆಯಲ್ಲಿ ಬಂಡೆಯ ಒಂದು ತುಂಡು ಬಂದು ಕೂತಿದೆ. ಅಳಿಸಿದೆ. ಆಮೇಲೆ ನೆನಪಾಯಿತು, ಮೊಬೈಲ್ ಅಷ್ಟರಲ್ಲಿ ಅದನ್ನು ಬ್ಯಾಕಪ್‌ಗೂ ಕಳಿಸಿತ್ತು. ಅಲ್ಲಿಂದಲೂ ತೆಗೆದು, ಟ್ರ್ಯಾಶ್ ಕೂಡ ಖಾಲಿ ಮಾಡಿದೆ. ಮರುದಿನದಿಂದ ಮೊಬೈಲ್ ಕೂಡ ಬ್ಯಾಗಿಗೆ.

ಉದ್ದ ಲೆನ್ಸ್ ಇನ್ನೂ ಮೋಸದ್ದು. ದೂರದ ರಸ್ತೆಯಲ್ಲಿ ಯಾವ ಫಲಕವೂ ಇರುವುದಿಲ್ಲ, ಆದರೆ 400 ಎಂಎಂನಲ್ಲಿ ಅದೇ ಬಿರುಕು ಕಣ್ಣೆದುರು ಬಂದು ನಿಲ್ಲುತ್ತದೆ. ಹಾಗಾಗಿ ದೂರದಿಂದ ತೆಗೆದರೆ ಇಡೀ ಬಂಡೆ, ಜೊತೆಗೆ ಮರಳು, ಆಕಾಶ. ಭಾಗ ಬೇಕಾದರೆ ಅನುಮತಿ ಇರುವ ಕಡೆ ಮಾತ್ರ. ಕಾಂಚು ಕಣಿವೆ, ಮುಟಿಚುಲು ನೀರಿನ ಗುಂಡಿ, ಇಷ್ಟರಲ್ಲೇ ಒಂದು ಬೆಳಗ್ಗೆ ಕಳೆದುಹೋಗುತ್ತದೆ. ಸಾಂಸ್ಕೃತಿಕ ಕೇಂದ್ರದ ಒಳಗೂ ಫೋಟೋ ಇಲ್ಲ. ಅಲ್ಲಿ ಸುಮ್ನೆ ಕೂತು ಓದಿದೆ.

ಸೂರ್ಯೋದಯಕ್ಕೆ ತಲಿಂಗುರು ನ್ಯಾಕುಂಚಾಕು ಅನ್ನುವ ಜಾಗ. ಮರಳುದಿಬ್ಬದಿಂದ ನೋಡುವ ತಾಣ ಅಂತ ಹೆಸರಿನ ಅರ್ಥ. ಎದುರಿಗೆ ಉಲುರು, ಹಿಂದೆ ದೂರದಲ್ಲಿ ಕಟಾ ಚುಟಾದ ಗುಡ್ಡಗಳು, ಎರಡೂ ಒಂದೇ ಫ್ರೇಮಿಗೆ ಸಿಗುತ್ತವೆ. ಜನ ಜಾಸ್ತಿ, ಟ್ರೈಪಾಡ್ ಕಾಲಿಗೆ ಯಾರಾದರೂ ಎಡವುತ್ತಾರೆ. ನಾನು ಅದನ್ನು ಅರ್ಧಕ್ಕೆ ಮಡಿಚಿ, ಕಾಲುಗಳನ್ನು ಹತ್ತಿರ ತಂದು ನಿಲ್ಲಿಸಿದ್ದೆ.

ಬಣ್ಣದ ವಿಷಯಕ್ಕೆ ಬಂದರೆ, ಮೊದಲ ಸಂಜೆಯ ಚಿತ್ರಗಳೆಲ್ಲ ಕೆಟ್ಟವು. ಈ ಮರಳುಗಲ್ಲಿನಲ್ಲಿರುವ ಕಬ್ಬಿಣ ತುಕ್ಕು ಹಿಡಿದೇ ಆ ಕೆಂಪು. ಮುಳುಗುವ ಸೂರ್ಯನ ಬೆಳಕು ಬಿದ್ದಾಗ ಕ್ಯಾಮೆರಾದ ಕೆಂಪು ಚಾನೆಲ್ ಮಾತ್ರ ತುಂಬಿ ಚೆಲ್ಲುತ್ತದೆ. ಚಿತ್ರದಲ್ಲಿ ಬೆಳಕು ಎಷ್ಟಿದೆ ಅಂತ ತೋರಿಸುವ ಗ್ರಾಫ್, ಅಂದರೆ ಸಾಮಾನ್ಯ ಹಿಸ್ಟೋಗ್ರಾಮ್, ನೋಡಿದರೆ ಎಲ್ಲಾ ಸರಿ ಇದ್ದಂತೆ ಕಾಣುತ್ತದೆ, ರೂಮಿಗೆ ಬಂದು ನೋಡಿದರೆ ಬಂಡೆಯ ಮೈ ಮೇಣ ಸವರಿದ ಹಾಗೆ ನುಣ್ಣಗೆ. ಎರಡನೇ ದಿನ ಮೂರೂ ಬಣ್ಣದ ಹಿಸ್ಟೋಗ್ರಾಮ್ ಇಟ್ಟುಕೊಂಡು, ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಕಡಿಮೆ ಮಾಡಿ, ಕ್ಯಾಮೆರಾ ತಿದ್ದದೆ ಉಳಿಸುವ ರಾ (RAW) ಫೈಲಿನಲ್ಲಿ ತೆಗೆದೆ. ಬಣ್ಣದ ಛಾಯೆ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿಟ್ಟರೆ ಕ್ಯಾಮೆರಾ ಕೆಂಪನ್ನೇ ತಪ್ಪು ಅಂದುಕೊಂಡು ತಿದ್ದುತ್ತದೆ, ಡೇಲೈಟ್‌ಗೆ ಹಾಕಿ ಬಿಟ್ಟೆ. ಇನ್ನು ನೊಣ! ಮುಖಕ್ಕೆ ಬಲೆ ಹಾಕದೆ ಇರಲಾಗದು, ಬಲೆ ಹಾಕಿದರೆ ವ್ಯೂಫೈಂಡರ್ ಕಾಣದು. ಹಿಂದಿನ ಸ್ಕ್ರೀನ್ ನೋಡಿಕೊಂಡೇ ತೆಗೆದೆ.

ರಾತ್ರಿ ಪಾರ್ಕ್ ಮುಚ್ಚುತ್ತದೆ. ಬಂಡೆಯ ಮೇಲೆ ಆಕಾಶಗಂಗೆ ಅಂತ ಕಂಡಿದ್ದ ಕನಸು ಅಲ್ಲಿಗೇ ಮುಗಿಯಿತು. ಪಾರ್ಕಿನ ಹೊರಗಿನ ಯುಲಾರಾ ಅನ್ನುವ ಊರಿನಲ್ಲಿ ಬರೀ ನಕ್ಷತ್ರ ತೆಗೆದೆ. ಬಂಡೆ ಇಲ್ಲ, ಆದರೂ ಪರವಾಗಿಲ್ಲ ಅನ್ನುವಂತಿವೆ.

ವಾಪಸ್ ಬಂದು ಕೆಲವು ತಿಂಗಳಾದ ಮೇಲೆ ಒಬ್ಬರು ಕ್ಯಾಲೆಂಡರಿಗೆ ಉಲುರು ಚಿತ್ರ ಕೇಳಿದರು, ದುಡ್ಡೂ ಕೊಡುತ್ತೇವೆ ಅಂದರು. ವ್ಯಾಪಾರಕ್ಕೆ ಫೋಟೋ ತೆಗೆಯಬೇಕಾದರೆ ಅಲ್ಲಿ ಮೊದಲೇ ಪರ್ಮಿಟ್ ಪಡೆದಿರಬೇಕು. ನಾನು ಹೋದದ್ದು ಸ್ವಂತ ಖುಷಿಗೆ, ಪರ್ಮಿಟ್ ಇರಲಿಲ್ಲ. ಹಾಗಂತ ಹೇಳಿದೆ. ಯಾರಿಗೆ ಗೊತ್ತಾಗುತ್ತದೆ ಸಾರ್ ಅಂದರು. ಆಗುವುದಿಲ್ಲ ಅಂದೆ. ಕೊನೆಗೆ ಯುಲಾರಾದ ನಕ್ಷತ್ರದ ಚಿತ್ರ ತೋರಿಸಿದೆ. ಅವರಿಗೆ ಬೇಕಾಗಿದ್ದು ಬಂಡೆ. ಬೇಡ ಅಂದರು.