ರಾತ್ರಿ ಗುಳಿಗಿ ಮುಗದಾವ, ಕೈಯಾಗ ಚೀಟಿ ಇಲ್ಲ: ಮೆಡಿಕಲ್‌ಗೆ ಬರೂ ಮೊದಲ ಏನ್ ಮಾಡ್ಬೇಕು

ಹೋದ ವಾರ ರಾತ್ರಿ ಒಂಬತ್ತೂವರಿ ಆಗಿತ್ತು, ವಿಜಯಪುರದಾಗ ನಮ್ಮ ಮೆಡಿಕಲ್ ಶಟರ್ ಅರ್ಧ ಇಳಿಸಿದ್ದೆ, ಇಂಡಿ ಕಡೆಯವ್ರು ಒಬ್ರು ಕಾಕಾ ಬಂದ್ರು. ಮಗಳ ಮನಿಗೆ ತೊಟ್ಟಲ ಕಾರ್ಯಕ್ರಮಕ್ಕ ಬಂದಿದ್ರಂತ. ಅಂಗಿ ಕಿಸೆದಾಗಿಂದ ಕತ್ತರಿಲೆ ಕತ್ತರಿಸಿದ ಒಂದು ಖಾಲಿ ಸ್ಟ್ರಿಪ್ ತುಂಡು ತಗದು ಕೌಂಟರ್ ಮ್ಯಾಲ ಇಟ್ರು, ಹಿಂದಿನ ಬೆಳ್ಳಿ ಹಾಳಿ ಮ್ಯಾಲ "ಲಾಲ್ 50" ಅಂತ ಅಷ್ಟೇ ಉಳದಿತ್ತು. "ಯಪ್ಪಾ, ಇವು ಎರಡು ಕೊಡು, ಒಂದು ದಿನಾನೂ ತಪ್ಪಿಸಬ್ಯಾಡ ಅಂದಾರ ಡಾಕ್ಟ್ರು, ಚೀಟಿ ಊರಾಗ ಉಳದೈತಿ" ಅಂದ್ರು.

ಲಾಲ್ 50 ಅಂದ್ರ ಅಟೆನೊಲಾಲ್ 50 ಇರಬೋದು, ಮೆಟೊಪ್ರೊಲಾಲ್ 50 ಇರಬೋದು, ಮೆಟೊಪ್ರೊಲಾಲ್‌ದಾಗೂ ಸಾದಾದು ಬ್ಯಾರೆ, ದಿನಪೂರ್ತಿ ನಿಧಾನಕ ಬಿಡೂ ಎಕ್ಸ್‌ಎಲ್ ಬ್ಯಾರೆ. ನಾ ಅಂದಾಜಿನ ಮ್ಯಾಲ ಕೊಟ್ಟು ಅದು ತಪ್ಪಿದ್ರ ಆ ಕಾಕಾನ ಎದಿಬಡಿತದ ಗತಿ ಏನು? ಇಂಥಾದ್ದು ನಮ್ಮ ಕಡೆ ವಾರಕ್ಕ ಎರಡು ಮೂರು ಸಲ ಆಗ್ತೈತಿ, ಅದಕ ಇದ್ನ ಬರ್ಯಾಕತ್ತೀನಿ.

ಮೊದಲ ಕಾಯ್ದೆ ಏನೈತಿ ಅಂತ ಹೇಳಿಬಿಡ್ತೀನಿ. ಇಂಗ್ಲೆಂಡ್‌ನ್ಯಾಗ ಡಾಕ್ಟರ್ ಹಿಂದ ಬರ್ದಿದ್ದ ಔಷಧ ಖಾಲಿ ಆಗಿ ತುರ್ತು ಇದ್ರ ಫಾರ್ಮಾಸಿಸ್ಟೇ ವಿಚಾರಿಸಿ, ಖಾತ್ರಿ ಮಾಡ್ಕೊಂಡು, ಸಾಮಾನ್ಯ ಔಷಧ ಆದ್ರ 30 ದಿನದ ತನಕ ಕೊಡಬೋದು, ಅಮೆರಿಕಾದ ಭಾಳ ರಾಜ್ಯದಾಗೂ ಇಂಥಾ ಕಾನೂನು ಅದಾವ. ನಮ್ಮಲ್ಲಿ ಹಂಗಿಲ್ರಿ. ಶೆಡ್ಯೂಲ್ ಎಚ್ ಔಷಧ ಅಂದ್ರ, ಸ್ಟ್ರಿಪ್ ಮ್ಯಾಲ ಆರ್‌ಎಕ್ಸ್ ಅಂತ ಇರೂವು, ಬಿಪಿ ಶುಗರ್ ಹಾರ್ಟ್ ಫಿಟ್ಸ್ ಗುಳಿಗಿ ಹೆಚ್ಚುಕಡಿಮಿ ಎಲ್ಲಾ ಇದರಾಗ ಬರ್ತಾವ, ರಿಜಿಸ್ಟರ್ಡ್ ಡಾಕ್ಟರ್ ಬರದು ಸಹಿ ಮಾಡಿ ತಾರೀಖು ಹಾಕಿದ ಚೀಟಿ ಇದ್ರನ ಕೊಡ್ಬೇಕು. ಇನ್ನೊಂದು ಮಾತು ಭಾಳ ಮಂದಿಗೆ ಗೊತ್ತಿಲ್ಲ, 1945ರ ಡ್ರಗ್ಸ್ ರೂಲ್ಸ್ ಪ್ರಕಾರ ಒಂದು ಚೀಟಿ ಮ್ಯಾಲ ಒಂದೇ ಸಲ ಔಷಧ, ಇಷ್ಟು ಸಲ ಕೊಡ್ರಿ ಅಂತ ಡಾಕ್ಟರ್ ಚೀಟಿ ಮ್ಯಾಲ ಬರ್ದಿದ್ರ ಮಾತ್ರ ಮತ್ತ ಮತ್ತ ಕೊಡಾಕ ಬರ್ತೈತಿ.

ಹಂಗಾರ ರಾತ್ರಿ ಗುಳಿಗಿ ಮುಗದ್ರ ಏನ್ ಮಾಡೂದು?

ಒಂದನೇದು, ಹಳೇ ಚೀಟಿ ಹುಡುಕ್ರಿ, ಊರಾಗ ಇದ್ರ ಮನಿಯವ್ರಿಗೆ ಫೋನ್ ಹಚ್ಚಿ ಫೋಟೋ ತರಿಸ್ಕೋರಿ, ಪೂರಾ ಹಾಳಿ ಕಾಣೂ ಹಂಗ, ಮ್ಯಾಲ ಡಾಕ್ಟರ್ ಹೆಸರು ನಂಬರು, ಕೆಳಗ ಸಹಿ ತಾರೀಖು ಎಲ್ಲಾ ಬರ್ಬೇಕು. ಮಿರಜ್, ಸೊಲ್ಲಾಪುರ ಡಾಕ್ಟರ್ ಚೀಟಿ ಇಲ್ಲಿ ನಡಿತೈತೇನು ಅಂತ ಕೇಳ್ತಾರ, ನಡಿತೈತಿ, ನಮ್ಮ ಜಿಲ್ಲಾದ ಅರ್ಧ ಹಾರ್ಟ್ ಪೇಶೆಂಟ್ ಅಲ್ಲೇ ತೋರಿಸ್ತಾರ, ರಾಜ್ಯ ಬ್ಯಾರೆ ಆದ್ರೂ ಚೀಟಿ ಚೀಟಿನ. ಆಮ್ಯಾಲ ಆ ಚೀಟಿ ಮ್ಯಾಲಿರೂ ನಂಬರಿಗೆ ಫೋನ್ ಮಾಡ್ರಿ. ಡಾಕ್ಟರ್ ಬಾಯಿಲೆ "ಕೊಡು" ಅಂದ್ರ ನಮಗ ಸಾಲೂದಿಲ್ಲ, ಆದ್ರ 2020ರ ಮಾರ್ಚ್‌ದಾಗ ಬಂದ ಟೆಲಿಮೆಡಿಸಿನ್ ನಿಯಮದ ಪ್ರಕಾರ ಅವ್ರು ಹೊಸದಾಗಿ ಬರದು ಸಹಿ ಮಾಡಿ ಫೋಟೋ ವಾಟ್ಸಾಪ್‌ನ್ಯಾಗ ನಿಮಗ ಕಳಿಸಬೋದು, ಮೊದಲ ತಾವೇ ನೋಡಿದ ಪೇಶೆಂಟ್ ಆದ್ರ ನಡಿಯೂ ಗುಳಿಗಿ ಮುಂದುವರಿಸಿ ಬರಿಯಾಕ ಅದರಾಗ ಜಾಗಾ ಐತಿ. ನಿಮ್ಮ ಡಾಕ್ಟರ್ ಸಿಗಲಿಲ್ಲಂದ್ರ ಇ-ಸಂಜೀವಿನಿ ಐತಿ, ಸರ್ಕಾರದ್ದು, ರೊಕ್ಕ ಇಲ್ಲ, ಮೊಬೈಲ್ ನಂಬರ್ ಹಾಕಿ ಓಟಿಪಿ ಕೊಟ್ಟು ಟೋಕನ್ ತಗೊಂಡ್ರ ವಿಡಿಯೋದಾಗ ಡಾಕ್ಟರ್ ಬರ್ತಾರ, ಚೀಟಿ ಫೋನಿಗೇ ಬರ್ತೈತಿ, ಆದ್ರ ಅದು ಒಪಿಡಿ ಟೈಮಿಗೆ ಅಷ್ಟ ಅಂತ ಹಿಡಕೊಂಡು ಹಗಲಿಗೇ ಮಾಡ್ಕೋರಿ.

ಅದೂ ಆಗಲಿಲ್ಲಂದ್ರ ಜಿಲ್ಲಾ ಆಸ್ಪತ್ರಿ ಕ್ಯಾಜುವಾಲ್ಟಿ, ವಿಜಯಪುರದ್ದು, ಬಾಗಲಕೋಟಿ ನವನಗರದ್ದು, ಬೆಳಗಾವಿ ಬಿಮ್ಸ್. ರಾತ್ರಿ ಡ್ಯೂಟಿ ಡಾಕ್ಟರ್ ಇರ್ತಾರ, ಖಾಲಿ ಸ್ಟ್ರಿಪ್, ಹಳೇ ಫೈಲು ತೋರಿಸಿ "ಸರ್ ಇದು ದಿನಾ ತಗೋತೀನಿ, ಮುಗದೈತಿ" ಅನ್ರಿ. ನಾಚಿಕಿ ಪಡಬ್ಯಾಡ್ರಿ, ಬರೇ ಗುಳಿಗಿ ಸಂಬಂಧ ಕ್ಯಾಜುವಾಲ್ಟಿಗೆ ಹ್ಯಾಂಗ ಹೋಗೂದು ಅಂತ ಮೂರು ದಿನ ಮನಿಯಾಗ ಕುಂತು ಆಮ್ಯಾಲ ಐಸಿಯುಕ್ಕ ಹೋದವ್ರನ್ನ ನೋಡೀನಿ ನಾ. ಬಿಪಿ ಶುಗರ್ ಗುಳಿಗಿ ಅಷ್ಟೇ ಆದ್ರ ಮರುದಿನ ಮುಂಜಾನಿ ಹತ್ತಿರದ ಪಿಎಚ್‌ಸಿಗೆ ಹೋಗ್ರಿ, ಅಲ್ಲಿ ಪುಕ್ಕಟೆ ಕೊಡ್ತಾರ.

ಈಗ ಯಾವುದಕ್ಕ ಓಡ್ಬೇಕು, ಯಾವುದಕ್ಕ ಬೆಳಗಾಗೂತನಕ ತಡಕೋಬೋದು ಅನ್ನೂದು ಭಾಳ ಮುಖ್ಯ. ಇನ್ಸುಲಿನ್, ಅದರಾಗೂ ಸಣ್ಣ ಹುಡುಗ್ರಿಗೆ ಬರೂ ಟೈಪ್ ಒನ್ ಶುಗರ್‌ದಾಗ, ಒಂದು ದಿನಾನೂ ಬಿಡಬಾರ್ದು. ಫಿಟ್ಸ್ ಗುಳಿಗಿ ಒಮ್ಮಿಗೇ ನಿಂತ್ರ ಫಿಟ್ಸ್ ಜೋರ್ ಆಗಿ ತಿರುಗಿ ಬರ್ತಾವ. ಸ್ಟೆಂಟ್ ಹಾಕಿಸ್ಕೊಂಡವ್ರು ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಬಿಟ್ರ ಸ್ಟೆಂಟ್‌ದಾಗ ರಕ್ತ ಹೆಪ್ಪುಗಟ್ಟಬೋದು, ವಾಲ್ವ್ ಬದಲಾದವ್ರು ರಕ್ತ ಹೆಪ್ಪುಗಟ್ಟದಂಗ ತಗೊಳ್ಳೂ ವಾರ್ಫರಿನ್, ಅಸಿಟ್ರೋಮ್ ಕಥಿನೂ ಹಂಗ. ಭಾಳ ದಿನದಿಂದ ತಗೊಳ್ಳೂ ಪ್ರೆಡ್ನಿಸೊಲೋನ್ ಅನ್ನೂ ಸ್ಟೆರಾಯ್ಡ್ ಗುಳಿಗಿ, ಎದಿಬಡಿತ ಇಳಿಸೂ ಆ ಲಾಲ್ ಗುಳಿಗಿ, ಉಬ್ಬಸದವ್ರ ಪಂಪು, ಇವಕ್ಕೆಲ್ಲಾ ಅದೇ ರಾತ್ರಿ ವ್ಯವಸ್ಥಾ ಮಾಡ್ರಿ. ಥೈರಾಯ್ಡ್ ಗುಳಿಗಿ ಮೈಯಾಗ ಅರ್ಧ ಇಳಿಯಾಕ ವಾರ ಹಿಡಿತೈತಿ, ಒಂದು ದಿನ ತಪ್ಪಿದ್ರ ಗಾಬರಿ ಬ್ಯಾಡ, ಕೊಲೆಸ್ಟ್ರಾಲ್ ಗುಳಿಗಿನೂ ನಾಳೆ ನೋಡಿದ್ರ ನಡಿತೈತಿ.

ಎದಿನೋವು, ಉಸಿರು ಕಟ್ಟೂದು, ಐದು ನಿಮಿಷ ಆದ್ರೂ ನಿಲ್ಲದ ಫಿಟ್ಸ್, ಇನ್ಸುಲಿನ್ ತಪ್ಪಿ ವಾಂತಿ ಚಾಲೂ ಆಗೂದು, ಇಂಥಾದ್ದು ಇದ್ರ ಮೆಡಿಕಲ್‌ಗೆ ಬರಬ್ಯಾಡ್ರಿ, 108ಕ್ಕ ಫೋನ್ ಮಾಡ್ರಿ.

ತಪ್ಪಿದ ಗುಳಿಗಿ ಸೇರಿಸಿ ಎರಡು ಒಮ್ಮಿಗೇ ನುಂಗಬ್ಯಾಡ್ರಿ. ಬಾಜೂ ಮನಿ ಅಕ್ಕಂದೂ ಬಿಪಿ ಗುಳಿಗಿನ ಐತಲ್ಲ ಅಂತ ಇಸ್ಕೊಂಡು ತಗೋಬ್ಯಾಡ್ರಿ, ಬಿಪಿ ಒಂದೇ ಆದ್ರೂ ಗುಳಿಗಿ ಹತ್ತು ನಮೂನಿ ಅದಾವ. ಫಿಟ್ಸಿನ ಲ್ಯಾಮೊಟ್ರಿಜಿನ್ ಭಾಳ ದಿನ ತಪ್ಪಿತ್ತಂದ್ರ ಮತ್ತ ಮೊದಲಿನಷ್ಟು ಡೋಸ್ ಸೀದಾ ಚಾಲೂ ಮಾಡಬಾರ್ದು, ಡಾಕ್ಟರ್‌ನ ಕೇಳ್ಬೇಕು, ಮೈಮ್ಯಾಲ ಕೆಟ್ಟ ದದ್ದು ಏಳಬೋದು.

ಇನ್ನ ಕೆಲವು ಚೀಟಿ ಇಲ್ದ ಎಷ್ಟು ಕೇಳಿದ್ರೂ ಸಿಗೂದಿಲ್ಲ. ನಿದ್ದಿ ಗುಳಿಗಿ ಅಲ್ಪ್ರಾಜೊಲಾಮ್, ಜೋಲ್ಪಿಡೆಮ್, ನೋವಿನ ಟ್ರಾಮಡಾಲ್ ಇವೆಲ್ಲಾ 2014ರಿಂದ ಜಾರಿ ಇರೂ ಶೆಡ್ಯೂಲ್ ಎಚ್ ಒನ್‌ದಾಗ ಬರ್ತಾವ, ಇವನ್ನ ಮಾರಿದ್ರ ಡಾಕ್ಟರ್ ಹೆಸರು, ಪೇಶೆಂಟ್ ಹೆಸರು, ಎಷ್ಟು ಕೊಟ್ವಿ ಎಲ್ಲಾ ರಿಜಿಸ್ಟರ್‌ದಾಗ ಬರದು ಮೂರು ವರ್ಷ ಇಡ್ಬೇಕು. ಶೆಡ್ಯೂಲ್ ಎಕ್ಸ್ ಅನ್ನೂ ಇನ್ನೂ ಬಿಗಿ ಪಟ್ಟಿದಾಗಿನ ಔಷಧಕ್ಕಂತೂ ಎರಡು ಪ್ರತಿ ಚೀಟಿ ಬೇಕು, ಫೋನ್‌ದಾಗ ಡಾಕ್ಟರ್‌ಗೂ ಬರಿಯಾಕ ಬರೂದಿಲ್ಲ. ನಮ್ಮ ಮ್ಯಾಲ ಸಿಟ್ಟಾಗಬ್ಯಾಡ್ರಿ.

ಕಡೀಗೆ ಅಂಗಡಿಯವನಿಗೆ ಖರೇ ಹೇಳ್ರಿ. ಎಷ್ಟು ದಿನ ತಪ್ಪೈತಿ, ಬ್ಯಾರೆ ಏನೇನು ತಗೋತೀರಿ, ಬಸುರಿ ಇದ್ರ ಅದೂ. ಇನ್ಸುಲಿನ್ ಬಿಸಲಾಗ ಬೈಕ್ ಡಿಕ್ಕಿದಾಗ ಇಟ್ಟು ಕೆಟ್ಟಿದ್ರ ಅದನ್ನೂ ಹೇಳ್ರಿ, ಮೇ ತಿಂಗಳ ನಮ್ಮ ಬಿಸಲಿಗೆ ಅದು ಒಂದು ಮಧ್ಯಾಹ್ನಕ್ಕ ಹಾಳಾಗ್ತೈತಿ, ಹಳೇದ್ನ ಚುಚ್ಚಿಕೊಂಡು ಶುಗರ್ ಯಾಕ ಇಳಿವಲ್ದು ಅಂತ ಡೋಸ್ ಏರಿಸಬ್ಯಾಡ್ರಿ.

ಮುಂದಿನ ಸಲ ಡಾಕ್ಟರ್ ಮುಂದ ಕುಂತಾಗ "ಸರ್, ತಿಂಗಳಿಗೊಮ್ಮಿ ಹಿಂಗ ಆರು ಸಲ ಕೊಡ್ರಿ ಅಂತ ಚೀಟಿ ಮ್ಯಾಲ ಬರೀರಿ, ಗುಳಿಗಿದ ಜೆನೆರಿಕ್ ಹೆಸರೂ ಹಾಕ್ರಿ" ಅನ್ರಿ. ಆ ಒಂದು ಸಾಲು ಇದ್ರ ನೀವು ಯಾವ ಊರಾಗ ಇದ್ರೂ ಮೆಡಿಕಲ್‌ದವ ಕೊಡ್ತಾನ. ಪುಣೆ, ಗೋವಾಕ್ಕ ದುಡಿಯಾಕ ಹೋಗೂ ಮಂದಿ ಇದ್ನ ಬರಿಸ್ಕೊಂಡೇ ಹೋಗ್ರಿ. ಏಳು ದಿನದ ಗುಳಿಗಿ ಉಳದಾಗ ಅಂಗಡಿಗೆ ಹೋಗೂದು ರೂಢಿ ಮಾಡ್ರಿ.

ಆ ಕಾಕಾನ ಸೊಸಿ ಊರಿಂದ ಚೀಟಿ ಫೋಟೋ ಕಳಿಸಿದ್ರು, ಎಂಟು ತಿಂಗಳ ಹಳೇದು. ಡಾಕ್ಟರ್ ನಂಬರಿಗೆ ಕಾಕಾನ ಕಡೆಯಿಂದನ ಫೋನ್ ಮಾಡಿಸಿದೆ, ಹತ್ತು ಗಂಟೆಗೆ ಹೊಸ ಚೀಟಿ ಬಂತು, ಹದಿನೈದು ದಿನಕ್ಕ ಬರ್ದು "ಅಷ್ಟರಾಗ ಬಂದು ತೋರಿಸ್ರಿ" ಅಂತ ಕೆಳಗ ಹಾಕಿದ್ರು. ಗುಳಿಗಿ ಮೆಟೊಪ್ರೊಲಾಲ್ ಎಕ್ಸ್‌ಎಲ್ ಇತ್ತು. ಸ್ಟ್ರಿಪ್ ಕೊಡೂವಾಗ ಹೆಸರು, ಎಕ್ಸ್‌ಪೈರಿ ಇರೂ ತುದಿಗೆ ಪೆನ್‌ಲೆ ಗೋಲ್ ಹಾಕಿ, "ಕಾಕಾ, ಆ ಕಡೆಯಿಂದ ತಗೋತ ಬರ್ರಿ, ಈ ತುದಿ ಕಡೀಗೆ" ಅಂದೆ.