ಅಂಗಡಿ ಮುಚ್ಚಿದವರ ಉದ್ರಿ ಪುಸ್ತಕ ನೋಡಿ

ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಇಡುವ ಮೊದಲು ನಾನು ಮೂರು ಜನರ ಮನೆಗೆ ಹೋಗಿ ಕೂತಿದ್ದೆ. ಮೂವರೂ ಅಂಗಡಿ ಮುಚ್ಚಿದವರು. ನೀವೂ ವ್ಯಾಪಾರಕ್ಕೆ ಇಳಿಯೋದಾದರೆ ಮೊದಲು ಅಂಥವರನ್ನೇ ಹುಡುಕಿ.

"ಯಾಕೆ ಮುಚ್ಚಿದ್ರಿ?" ಅಂತ ಮಾತ್ರ ಕೇಳಬೇಡಿ. ಅವರಿಗೆ ನೋವಾಗುತ್ತೆ, "ವ್ಯಾಪಾರ ಇರಲಿಲ್ಲ" ಅಂದು ಸುಮ್ಮನಾಗ್ತಾರೆ. "ಅಣ್ಣಾ, ನಾನೂ ಅಂಗಡಿ ಇಡ್ತಿದೀನಿ. ನಿಮ್ಮ ಉದ್ರಿ ಪುಸ್ತಕ ಒಮ್ಮೆ ತೋರಿಸ್ತೀರಾ?" ಅನ್ನಿ.

ಒಬ್ಬರು ಅಟ್ಟದಿಂದ ಇಳಿಸಿ ಕೊಟ್ಟರು. ಕೆಂಪು ರಟ್ಟಿನ ಉದ್ದನೆ ಪುಸ್ತಕ. "ಮೂಲೆ ಮನೆ 340", "ಆಟೋದವರು 1,150". ಮೊತ್ತ ಇತ್ತು, ತಾರೀಕು ಇರಲಿಲ್ಲ. ಆ 340 ಹೋದ ವಾರದ್ದೋ ಹೋದ ವರ್ಷದ್ದೋ ಅವರಿಗೇ ನೆನಪಿಲ್ಲ. ಹಾಗಾಗಿ ಕೇಳೋಕೆ ಸಂಕೋಚ. ಬಾಕಿ ಉಳಿಸಿಕೊಂಡ ಗಿರಾಕಿಗೂ ಮುಖ ತೋರಿಸೋಕೆ ಸಂಕೋಚ, ಎದುರಿನ ಅಂಗಡಿಗೆ ಹೋಗತೊಡಗಿದ. ದುಡ್ಡೂ ಹೋಯ್ತು, ಗಿರಾಕಿಯೂ ಹೋದ. ನನ್ನ ಪುಸ್ತಕದಲ್ಲಿ ಮೊದಲು ತಾರೀಕು, ಆಮೇಲೆ ಹೆಸರು, ಪಕ್ಕದಲ್ಲಿ ಅವರ ಸಹಿ. ಒಂದು ಮನೆಗೆ 500 ರೂಪಾಯಿಗಿಂತ ಜಾಸ್ತಿ ಉದ್ರಿ ಇಲ್ಲ.

ಮನೆಯವರ ಮಾತನ್ನೂ ಕೇಳಿ. ಇನ್ನೊಬ್ಬರು ವಾಸ್ತು ಸರಿ ಇರಲಿಲ್ಲ ಅಂದರು. ಚಹಾ ತಂದ ಅವರ ಹೆಂಡತಿ, "ದಿನಾ ಗಲ್ಲಾದಿಂದ ಮನೆ ಖರ್ಚಿಗೆ ತೆಗೀತಿದ್ವಿ, ಬರೆದಿಡಲಿಲ್ಲ" ಅಂದರು. ಅದೇ ರಾತ್ರಿ ಆ ಮಾತನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ನೀವೂ ಅಂದಂದೇ ಬರೆದಿಡಿ.

ಅಂಗಡಿ ನಡೆಯುತ್ತಿರುವಾಗಲೂ ಕಿವಿ ತೆರೆದಿರಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು, ನೆನಪಿದೆ ಅಲ್ವಾ? ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತು "ನಗದು ಮಾತ್ರ" ಅಂತ ಬರೆದು ಅಂಟಿಸಿದರು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಹಾಲು, ತರಕಾರಿಗೆ ತೆರಿಗೆ ಇಲ್ಲ ನಿಜ. ಆದರೆ ಯಾವುದು ಹಾಲಿನ ದುಡ್ಡು, ಯಾವುದು ಸೋಪಿನದು, ಯಾವುದು ತಮ್ಮ ವಾಪಸ್ ಕೊಟ್ಟ ಕೈಗಡ ಅಂತ ತೋರಿಸೋಕೆ ಲೆಕ್ಕ ಬೇಕಲ್ಲ! ನಾನು ಕ್ಯೂಆರ್ ತೆಗೆಯಲಿಲ್ಲ. ಅಂಗಡಿಗೇ ಬೇರೆ ಖಾತೆ ತೆರೆದೆ, ಖರೀದಿ ಬಿಲ್ಲುಗಳನ್ನು ತಿಂಗಳವಾರು ಫೈಲ್ ಮಾಡಿದೆ.

ಇನ್ನೊಂದು ಮಾತು. ಅಂಗಡಿ ಮುಚ್ಚಿದವರ ಹತ್ತಿರ ಕೇಳಿ ಸುಮ್ನೆ ಎದ್ದು ಬರಬೇಡಿ. ಕೆಂಪು ಪುಸ್ತಕದ ಅಣ್ಣನ ತಕ್ಕಡಿ, ಸ್ಟೀಲ್ ಡಬ್ಬಗಳನ್ನು ನಾನೇ ಸರಿಯಾದ ಬೆಲೆ ಕೊಟ್ಟು ತಗೊಂಡೆ. ಈಗ ಬೇಳೆ ತುಂಬಿರೋದು ಆ ಡಬ್ಬಗಳಲ್ಲೇ.