ಸೋಲಾರ್ ಪತಂಗದ ರೆಕ್ಕೆ ಬದಲಿಸೋದು

ಕುಂಡದಲ್ಲಿ ಚುಚ್ಚಿಟ್ಟ ಸೋಲಾರ್ ಪತಂಗದ (ಬಿಸಿಲಿನ ಕರೆಂಟಿಂದ ಮೋಟರ್ ತಿರುಗಿ, ತಂತಿಯ ತುದಿಯಲ್ಲಿ ರೆಕ್ಕೆ ಬಡಿಯೋ ಆಟಿಕೆ ಚಿಟ್ಟೆ) ರೆಕ್ಕೆ ಹರಿದ ಕೂಡಲೇ ಇಡೀ ಸೆಟ್ಟನ್ನೇ ಕಸಕ್ಕೆ ಹಾಕ್ತಾರೆ ಈಗಿನವರು. ಬಿಸಿಲಿಗೆ ಪುಡಿಯಾದದ್ದು ರೆಕ್ಕೆ ಮಾತ್ರ ಕಣ್ರೀ! ಇನ್ನು ಕೆಲವರು ದಪ್ಪ ಹಾಳೆಯ ರೆಕ್ಕೆ ಅಂಟಿಸಿ, ಪತಂಗ ಜೋತುಬಿದ್ದಾಗ ಮೋಟರ್ ಸುಟ್ಟಿದೆ ಅಂತಾರೆ. ಸುಟ್ಟಿಲ್ಲ, ಭಾರ ಹೆಚ್ಚಾಗಿದೆ.

ಮೊದಲು ಪ್ಯಾನೆಲ್ ಮೇಲೆ ಬಟ್ಟೆ ಮುಚ್ಚಿ, ಬ್ಯಾಟರಿ ಸೆಲ್ ಇದ್ದರೆ ತೆಗೀರಿ. ಹಳೇ ರೆಕ್ಕೆ ಎಳೆದರೆ ತಂತಿ ಸೊಟ್ಟಗಾಗುತ್ತೆ. ಹೇರ್ ಡ್ರೈಯರ್ ಗಾಳಿ ತೋರಿಸಿ, ಅಂಟು ತಾನೇ ಬಿಡುತ್ತೆ. ಚೂರುಗಳನ್ನ ಅಳತೆಗೆ ಇಟ್ಕೊಳ್ಳಿ.

ಹಿಂದೆ ಎಲ್ಲದಕ್ಕೂ ಹಳೇ ಎಕ್ಸ್‌ರೇ ಫಿಲ್ಮ್ ಬಳಸ್ತಿದ್ವಿ, ಇದಕ್ಕೆ ಅದು ಭಾರ. ಹಾಲಿನ ಪ್ಯಾಕೆಟ್ ಮೆತ್ತಗೆ. ಸ್ಟೇಷನರಿ ಅಂಗಡಿಯ ತೆಳುವಾದ ಪಾಲಿಪ್ರೊಪಿಲೀನ್ ಫೈಲ್ ಕವರ್ ಸರಿ. ಎಷ್ಟು ಮಡಿಚಿ ಬಿಚ್ಚಿದರೂ ಬೇಗ ಸೀಳಲ್ಲ. ಇರೋದರಲ್ಲಿ ತೆಳುವಾದ್ದನ್ನೇ ಆರಿಸಿ.

ಈಗ ರೆಕ್ಕೆ ಮಡಿಸೋದು. ಎಲ್ಲರೂ ಕೆಡಿಸೋದು ಇಲ್ಲೇ. ಎರಡು ರೆಕ್ಕೆ ಬೇರೆ ಬೇರೆ ಕತ್ತರಿಸಬೇಡಿ, ಒಂದೇ ತುಂಡು ಇರಲಿ. ಕೆಳಗೆ ನ್ಯೂಸ್‌ಪೇಪರ್ ಮಡಿಸಿಟ್ಟು, ಸ್ಕೇಲ್ ಹಿಡಿದು, ಇಂಕ್ ಮುಗಿದ ಬಾಲ್‌ಪೆನ್ನಿನಿಂದ ನಡುವೆ ಎರಡು ಮೂರು ಸಲ ಒತ್ತಿ ಗೀರಿ. ಬ್ಲೇಡ್ ಬೇಡ, ಅಲ್ಲಿಂದಲೇ ಸೀಳುತ್ತೆ. ಗೀರಿನ ಮೇಲೆ ಮಡಿಚಿ, ಅರ್ಧ ರೆಕ್ಕೆಯ ಆಕಾರ ಬರೆದು, ಎರಡೂ ಪದರ ಒಟ್ಟಿಗೆ ಕತ್ತರಿಸಿದರೆ ಎಡ ಬಲ ಒಂದೇ ಸಮ. ಆಮೇಲೆ ಹಿಂದೆ ಮುಂದೆ ಆಡಿಸ್ತಾ ಇರಿ, ಬಿಗಿ ಪೂರ್ತಿ ಹೋಗೋವರೆಗೆ. ನಡುವೆ ಹಿಡಿದರೆ ಎರಡೂ ರೆಕ್ಕೆ ತಮ್ಮ ಭಾರಕ್ಕೇ ಇಳಿಬೀಳಬೇಕು. ಬಿಗಿದು ಕಟ್ಟಿದ ದಾರದ ಮೇಲೆ ಗೀರು ಕೂರಿಸಿ ನೋಡಿ. ವಾಲಿದ ಕಡೆ ಅಂಚಿನಲ್ಲಿ ಕೂದಲೆಳೆಯಷ್ಟು ಕತ್ತರಿಸಿ, ಗೀರಿನ ಹತ್ತಿರ ಕತ್ತರಿ ತರಲೇಬೇಡಿ.

ಕೂರಿಸೋಕೆ ಸೂಪರ್ ಗ್ಲೂ ಅಂತ ಓಡಬೇಡಿ. ಈ ಪ್ಲಾಸ್ಟಿಕ್ಕಿಗೆ ಅದು ಹಿಡಿಯಲ್ಲ, ಗೀರಿಗೆ ಹರಿದು ಅಲ್ಲೇ ಗಟ್ಟಿಯಾಗುತ್ತೆ, ಅದರ ಆವಿಗೆ ಸುತ್ತಲೂ ಬೆಳ್ಳಗೆ ಮಂಕಾಗುತ್ತೆ. ಸೂಜಿ ಬಿಸಿಮಾಡಿ ಗೀರಿನ ಎರಡೂ ಪಕ್ಕ ತೂತು ಮಾಡಿ. ಕರಗಿದ ಅಂಚು ಹರಿಯಲ್ಲ. ಹೊಲಿಗೆ ದಾರದಿಂದ ಪತಂಗದ ಮೈಗೆ ಸುತ್ತಿ ಗಂಟು ಹಾಕಿ. ರೆಕ್ಕೆ ಆಡುವಷ್ಟು ಸಡಿಲ, ಜಾರದಷ್ಟು ಬಿಗಿ.

ಬಣ್ಣಕ್ಕೆ ಪರ್ಮನೆಂಟ್ ಮಾರ್ಕರ್ ಸಾಕು. ನೇಲ್ ಪಾಲಿಶ್ ಭಾರ, ಸ್ಟಿಕ್ಕರ್ ಇನ್ನೂ ಭಾರ. ಈ ಹೊಸ ರೆಕ್ಕೆಯೂ ಬಿಸಿಲಿಗೆ ಒಂದು ದಿನ ಪುಡಿಯಾಗೋದೇ, ಕತ್ತರಿ ಕೈಯಲ್ಲಿರುವಾಗಲೇ ಇನ್ನೊಂದು ಜೊತೆ ಕತ್ತರಿಸಿ ಪುಸ್ತಕದೊಳಗೆ ಇಟ್ಟಿರಿ.